ದಡದಲ್ಲಿ ನಿಂತವರು

ಜನವರಿ 11, 1999

ಪ್ರೀತಿಯ ಅತ್ತಿಗೆಗೆ,

ನಮಸ್ಕಾರಗಳು. ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ.

ನಮ್ಮ ಡೈವಿಂಗ್ ಕ್ಲಬ್ಬಿಗೆ ಈ ಅಕ್ಟೋಬರಿಗೆ ಇಪ್ಪತ್ತೈದು ವರ್ಷ ತುಂಬುತ್ತದೆ. ಬೆಳ್ಳಿಹಬ್ಬಕ್ಕೆ ಒಂದು ಪುಸ್ತಕ ಆಗಬೇಕು, ಕ್ಲಬ್ಬಿನ ಇತಿಹಾಸವನ್ನು ನಾನೇ ಬರೆದು ನಮ್ಮ ಪ್ರೆಸ್ಸಿನಲ್ಲೇ ಅಚ್ಚು ಹಾಕಿಸಬೇಕು ಅಂತ ಕಮಿಟಿಯಿಂದ ಪತ್ರ ಬಂದಿದೆ. ಇಷ್ಟು ವರ್ಷ ಬೇರೆಯವರ ಪುಸ್ತಕಗಳ ಪ್ರೂಫ್ ತಿದ್ದಿದವನಿಗೆ ಸ್ವಂತದ್ದೊಂದು ಬರೆಯೋ ಯೋಗ ಬಂತು ಅನ್ನಿ.

ಅಣ್ಣನನ್ನು ಕೇಳಿ ಪ್ರಯೋಜನವಿಲ್ಲ. ಹಡಗಿನ ತಗಡಿಗೆ ಬೆಸುಗೆ ಹಾಕಿ ಹಾಕಿ ತಮ್ಮ ಬಾಯಿಗೂ ಹಾಕಿಕೊಂಡಿದ್ದಾರೆ. ಫೋನಿನಲ್ಲಿ ಕೇಳೋಣ ಅಂದರೆ ನನ್ನ ಎಡಗಿವಿ ಹೋದದ್ದು ನಿಮಗೆ ಗೊತ್ತೇ ಇದೆ, ಬಲಗಿವಿಯೂ ಈಗ ಅದರ ಹಾದಿ ಹಿಡಿದಿದೆ. ಆದ್ದರಿಂದ ನೀವೇ ಬರೆದು ಕಳಿಸಬೇಕು.

ಶುರು ಹೇಗೆ ಮಾಡಬೇಕು ಅಂತ ನಿಶ್ಚಯ ಮಾಡಿದ್ದೇನೆ. ನಮ್ಮಜ್ಜಂದಿರು ಹಡಗು ಕಟ್ಟೋ ಕೆಲಸಕ್ಕೆ ನೀವಿರೋ ಆ ಊರಿಗೆ ಬಂದು ನೆಲೆ ನಿಂತವರು. ಊರಿನ ಅರ್ಧ ಹಡಗು ನಮ್ಮವರ ಕೈಯಲ್ಲಿ ಎದ್ದು ನಿಂತರೂ ಬಂದರಿನ ದೊಡ್ಡ ಡೈವಿಂಗ್ ಕ್ಲಬ್ಬಿನಲ್ಲಿ ನಮ್ಮವರಿಗೆ ಜಾಗ ಇರಲಿಲ್ಲ. ಅಣ್ಣನೂ ನಾನೂ ಅರ್ಜಿ ಹಿಡಿದು ಹೋದ ದಿನದಿಂದಲೇ ಕತೆ ಶುರು. ಆವತ್ತು ನೀವೂ ಇದ್ದಿರಿ. ಅವರ ಸೆಕ್ರೆಟರಿ ಏನಂದ ಅನ್ನೋದನ್ನು ನಾನು ಒಂದು ಥರ ಹೇಳ್ತೀನಿ, ನಮ್ಮ ಸಿಲಿಂಡರಿಗೆ ಗಾಳಿ ತುಂಬೋ ಕಂಪ್ರೆಸರ್ ಮಾಮ ಇನ್ನೊಂದು ಥರ ಹೇಳ್ತಾರೆ. ನಿಮ್ಮ ನೆನಪೇನು? ಹಾಗೇ ಮೊದಲನೇ ಡೈವಿಂಗ್ ಸೂಟ್ ಹೊಲಿದ ಕತೆಯೂ ಬೇಕು. ಅದಿಲ್ಲದೆ ಪುಸ್ತಕವಿಲ್ಲ.

ಇಂತಿ ನಿಮ್ಮ ಮೈದುನ


ಫೆಬ್ರವರಿ 2, 1999

ಮೈದುನನಿಗೆ ಆಶೀರ್ವಾದಗಳು.

ನಿನ್ನ ಕಾಗದ ಬಂದು ತುಂಬಾ ದಿನ ಆಯ್ತು. ಶಾಲೆ ಸಮವಸ್ತ್ರ ಹೊಲಿಯೋ ಕೆಲಸ ಕತ್ತಿನ ಮಟ್ಟ ಇತ್ತು, ಕೋಪ ಮಾಡ್ಕೋಬೇಡ.

ಆ ದಿನ ನನಗೆ ಚೆನ್ನಾಗಿ ನೆನಪಿದೆ. ನಾನು ಗೇಟಿನ ಹೊರಗೆ, ರಸ್ತೆ ಆಚೆ ನಿಂತಿದ್ದೆ. ಮದುವೆಯಾದ ಹೊಸತು, ಇಬ್ಬರ ಚಪ್ಪಲಿಯೂ ಹೊಸದು, ನಿಮ್ಮಣ್ಣನ ಕಾಲು ಕಚ್ಚಿ ಗುಳ್ಳೆ ಎದ್ದಿತ್ತು. ಸೆಕ್ರೆಟರಿ ಕಿರುಚಾಡಲಿಲ್ಲ. ಕಂಪ್ರೆಸರ್ ಮಾಮ ಹೇಳೋ ಹಾಗೆ ಅರ್ಜಿ ಹರಿದು ಬಿಸಾಡಲೂ ಇಲ್ಲ. ತಾನೇ ಗೇಟಿನ ತನಕ ಬಂದು, ನಿಮ್ಮಣ್ಣನ ಭುಜದ ಮೇಲೆ ಕೈಯಿಟ್ಟು, "ನಿಮ್ಮ ಜನಕ್ಕೆ ನೀರು ಹೊಸದಪ್ಪ, ಏನಾದ್ರೂ ಆದ್ರೆ ಯಾರು ಜವಾಬ್ದಾರಿ?" ಅಂದ. ನಗ್ತಾನೇ ಅಂದ. ದಿನಾ ಹಡಗಿನ ಹೊಟ್ಟೆ ಕೆಳಗೆ ಸೊಂಟದುದ್ದ ನೀರಲ್ಲಿ ನಿಂತು ಬೆಸುಗೆ ಹಾಕೋ ಮನುಷ್ಯನಿಗೆ ನೀರು ಹೊಸದಂತೆ! ನಿಮ್ಮಣ್ಣ ಅರ್ಜಿ ಮಡಚಿ ಜೇಬಿಗಿಟ್ಕೊಂಡ್ರು. ಮನೆ ತನಕ ಮಾತಿಲ್ಲ. ಮನೇಲಿ ಚಪ್ಪಲಿ ಬಿಚ್ಚುತ್ತಾ, "ಇನ್ನು ಆ ಗೇಟಿನೊಳಗೆ ನನ್ನ ಹೆಣ ಕೂಡ ಹೋಗಲ್ಲ. ನಮ್ಮದೇ ಒಂದು ಮಾಡೋಣ" ಅಂದ್ರು. ಹೆಣ ಅನ್ನೋದು ಬೇಕಿದ್ರೆ ಪುಸ್ತಕದಲ್ಲಿ ಬಿಡು.

ಸೂಟಿನ ಕತೆ ನಿನಗೇ ಗೊತ್ತಲ್ಲ. ಅಂಗಡೀಲಿ ಸಿಗೋದು ಆ ಜನದ ಮೈಕಟ್ಟಿಗೆ ಮಾಡಿದ್ದು, ಉದ್ದುದ್ದ, ಸಪೂರ. ನಮ್ಮ ಬೆಸುಗೆಯವರ ಭುಜ ಅದರೊಳಗೆ ಹೋಗಲ್ಲ. ರಬ್ಬರ್ ಸ್ಪಂಜಿನ ಹಾಳೆ ತರಿಸಿ, ಅಂಚಿಗೆ ಅಂಟು ಹಚ್ಚಿ, ಚರ್ಮ ಹೊಲಿಯೋ ಮಿಷನ್ನಲ್ಲಿ ಹೊಲಿದೆ. ಸೂಜಿ ಮುರಿದದ್ದಕ್ಕೆ ಲೆಕ್ಕ ಇಲ್ಲ. ಮೊದಲನೇದನ್ನ ನಿಮ್ಮಣ್ಣ ಹಾಕ್ಕೊಂಡು ನಿಂತ್ರೆ ಬಗ್ಗೋ ಹಾಗಿಲ್ಲ, ಕೂರೋ ಹಾಗಿಲ್ಲ, ಬಟ್ಟೆ ಅಂಗಡಿ ಬಾಗಿಲಲ್ಲಿ ನಿಲ್ಲಿಸಿದ ಗೊಂಬೆ! ನೀನೂ ಮಾಮನೂ ಒಂದೊಂದು ಕಡೆ ಹಿಡಿದು ಬಾಳೆಹಣ್ಣು ಸುಲಿದ ಹಾಗೆ ಸುಲಿದಿರಿ. ಒಳಗೆ ಪೌಡರ್ ಹಾಕಬೇಕು ಅನ್ನೋ ಬುದ್ಧಿ ಆಮೇಲೆ ಬಂತು.

ಒಂದು ಮಾತು. ನೀರಿನೊಳಗೆ ಇಳೀತಾ ಕಿವಿ ಕಟ್ಟಿ ನೋವು ಬಂದ್ರೆ ನೀನು ಏನು ಮಾಡ್ತಿದ್ದೆ? ಮೂಗು ಹಿಡಿದು ಊದಿದ್ರೂ ಬಿಡದೆ ಇದ್ರೆ? ಒಬ್ಬ ಗಿರಾಕಿ ಕೇಳ್ತಿದ್ರು.

ಇಂತಿ ನಿನ್ನ ಅತ್ತಿಗೆ


ಫೆಬ್ರವರಿ 20, 1999

ಪ್ರೀತಿಯ ಅತ್ತಿಗೆಗೆ,

ನೀವು ಬರೆದದ್ದನ್ನು ಓದಿ ಪ್ರೆಸ್ಸಿನಲ್ಲಿ ಒಬ್ಬನೇ ನಕ್ಕೆ. ಪಕ್ಕದ ಮೇಜಿನವರು ತಿರುಗಿ ನೋಡಿದರು.

ಆದರೆ ಕೊನೆಯ ನಾಲ್ಕು ಸಾಲು ಓದಿ ನಗು ನಿಂತುಹೋಯಿತು. ಗಿರಾಕಿ ಅಂತ ಬರೆದಿದ್ದೀರಿ. ಅತ್ತಿಗೆ, ನಾನು ಪ್ರೂಫ್ ನೋಡೋನು, ತಪ್ಪು ಎಲ್ಲಿ ಅಡಗಿ ಕೂತಿದೆ ಅಂತ ಗೊತ್ತಾಗುತ್ತೆ. ಅದು ಅಣ್ಣನ ಕಿವಿ ತಾನೇ? ಹೇಳಬೇಡ ಅಂದಿರ್ತಾರೆ. ಈ ವಯಸ್ಸಿನಲ್ಲಿ ಮೊಂಡುತನ ಬೇಡ ಅಂತ ಹೇಳಿ. ನೆಗಡಿ ಇದ್ದಾಗ ನೀರಿಗೆ ಇಳಿಯಲೇಬಾರದು. ಇಳಿಯುವಾಗ ನೋವು ಬರೋ ತನಕ ಕಾಯಬಾರದು, ಮೊದಲೇ ಮೆಲ್ಲಗೆ ಊದುತ್ತಾ, ಉಗುಳು ನುಂಗುತ್ತಾ ಇರಬೇಕು. ಬಿಡದೆ ಇದ್ದರೆ ಒಂದು ಮೊಳ ಮೇಲೆ ಬಂದು ಮತ್ತೆ ನೋಡಬೇಕು. ಆಗಲೂ ಬಿಡದಿದ್ದರೆ ಆವತ್ತಿಗೆ ಅಷ್ಟೇ, ವಾಪಸ್. ಬಲವಂತ ಮಾಡಿದರೆ ನನ್ನ ಹಾಗೆ ಆಗುತ್ತೆ.

ಮೊದಲ ಅಧ್ಯಾಯ ಮುಗಿಸಿದ್ದೇನೆ. ನಿಮ್ಮ ಬಗ್ಗೆ, ನಮ್ಮ ಹೆಣ್ಣುಮಕ್ಕಳ ಬಗ್ಗೆ ಬರೆದ ಪ್ಯಾರಾ ಇದು, ನೋಡಿ: "ನಮ್ಮ ಗಂಡಸರು ಕಡಲಿನ ಆಳಕ್ಕೆ ಇಳಿದಾಗ, ಬುತ್ತಿ ಕಟ್ಟಿಕೊಂಡು, ಒಣ ಟವೆಲ್ ಹಿಡಿದು, ದಡದಲ್ಲಿ ನಿಂತು ಕಾದ ನಮ್ಮ ಹೆಂಗಸರ ತಾಳ್ಮೆಯೇ ಈ ಕ್ಲಬ್ಬಿನ ನಿಜವಾದ ಅಡಿಪಾಯ." ಬರೆಯುವಾಗ ಕಣ್ಣು ತುಂಬಿ ಬಂತು. ಹೇಗಿದೆ, ಹೇಳಿ.

ಇಂತಿ ನಿಮ್ಮ ಮೈದುನ


ಮಾರ್ಚ್ 15, 1999

ಮೈದುನನಿಗೆ ಆಶೀರ್ವಾದಗಳು.

ನಿಮ್ಮಣ್ಣನ ಕಿವಿ ಗಟ್ಟಿಮುಟ್ಟಾಗಿದೆ. ನಾನು ಮೆಲ್ಲಗೆ ಗೊಣಗಿದ್ದೂ ಕೇಳಿಸುತ್ತೆ. ನೀನು ಹೇಳಿದ ಉಪಾಯ ಗಿರಾಕಿಗೆ ಹೇಳಿದೆ, ಕೆಲಸಕ್ಕೆ ಬಂತಂತೆ.

ಪ್ಯಾರಾ ಚೆನ್ನಾಗಿದೆ. ಬುತ್ತಿ ಕಟ್ಟಿದ್ದೂ ನಿಜ, ಟವೆಲ್ ಹಿಡಿದದ್ದೂ ನಿಜ.

ಇಲ್ಲಿ ಗಾಳಿ ಜಾಸ್ತಿ. ಮಕ್ಕಳಿಗೆ ಪರೀಕ್ಷೆ ಹತ್ತಿರ ಬಂದಿರಬೇಕಲ್ಲ, ಚೆನ್ನಾಗಿ ನೋಡ್ಕೊ. ಬೇರೇನೂ ವಿಶೇಷ ಇಲ್ಲ.

ಇಂತಿ ನಿನ್ನ ಅತ್ತಿಗೆ


ಏಪ್ರಿಲ್ 9, 1999

ಅತ್ತಿಗೆಗೆ,

ನಮಸ್ಕಾರಗಳು. ಈ ಕಾಗದ ಬರೆಯೋಕೆ ಕೈ ಬರ್ತಿಲ್ಲ, ಆದರೂ ಬರೀತಿದ್ದೇನೆ.

ಕ್ಲಬ್ಬಿನ ಖಜಾಂಚಿ ಹಳೇ ಫೋಟೋ ಕಳಿಸಿದ ಲಕೋಟೆಯಲ್ಲೇ ಒಂದು ಚೀಟಿ ಇಟ್ಟಿದ್ದರು. ಪ್ರತಿ ಬುಧವಾರ ಬೆಳಗ್ಗೆ ನೀವು ದೊಡ್ಡ ಚೀಲ ಹೊತ್ತು ಬಂದರಿನ ದೊಡ್ಡ ಕ್ಲಬ್ಬಿನ ಗೇಟಿನೊಳಗೆ ಹೋಗೋದನ್ನು ಕಣ್ಣಾರೆ ಕಂಡಿದ್ದಾರಂತೆ. ಒಂದು ಸಲ ಅಲ್ಲ. ಅಣ್ಣನಿಗೆ ಹೇಳೋ ಧೈರ್ಯ ಬರಲಿಲ್ಲ ಅಂತ ನನಗೆ ಬರೆದಿದ್ದಾರೆ.

ಚೀಲದಲ್ಲಿ ಏನಿರುತ್ತೆ ಅಂತ ನಾನು ಊಹಿಸಬಲ್ಲೆ. ಅವರಿಗೆ ಸೂಟ್ ಹೊಲಿದು ಕೊಡ್ತಿದ್ದೀರಿ. ಹೊಲಿಗೆ ನಿಮ್ಮ ಕಸುಬು, ನಿಮ್ಮ ಇಷ್ಟ. ಆದರೆ ಆ ಸೂಟ್ ಕತ್ತರಿಸಿ ಹೊಲಿಯೋದನ್ನು ನಮ್ಮವರ ಮೈಗೆ ಅಂತ ನೀವು ಸೂಜಿ ಮುರಿದು ಮುರಿದು ಕಲಿತದ್ದು. ಅಣ್ಣ ಗುಳ್ಳೆ ಎದ್ದ ಕಾಲಲ್ಲಿ ವಾಪಸ್ ನಡೆದ ಗೇಟದು. ಅದೇ ಗೇಟು ದಾಟಿ, ಅದೇ ಅಣ್ಣನ ಹೆಂಡತಿ! ನಾನಿಲ್ಲಿ ಆ ಗೇಟಿನ ಬಗ್ಗೆ ಅಧ್ಯಾಯ ಬರೀತಾ ಕೂತಿದ್ದೇನೆ. ನನ್ನನ್ನು ನೋಡಿ ನಗಬೇಕೋ ಅಳಬೇಕೋ ನೀವೇ ಹೇಳಿ.

ಇಂತಿ,
ಮೈದುನ


ಏಪ್ರಿಲ್ 18, 1999

ಮೈದುನನಿಗೆ ಆಶೀರ್ವಾದಗಳು.

ತಪ್ಪು ಎಲ್ಲಿ ಅಡಗಿದೆ ಅಂತ ಗೊತ್ತಾಗುತ್ತೆ ಅಂದಿದ್ದೆಯಲ್ಲ ನೀನು. ಎರಡು ಸಲ ಹುಡುಕಿದೆ, ಎರಡು ಸಲವೂ ಪಕ್ಕದ ಮನೆ ಬಾಗಿಲು ತಟ್ಟಿದೆ. ಕಿವಿ ನೋವು ನಂದು. ಚೀಲದಲ್ಲಿ ಇರೋದು ನನ್ನ ಈಜುಡುಗೆ, ಟವೆಲ್ಲು. ನಾನು ಅಲ್ಲಿ ಡೈವಿಂಗ್ ಕಲೀತಿದ್ದೀನಿ.

ಹೇಗೆ ಶುರುವಾಯ್ತು ಹೇಳ್ತೀನಿ ಕೇಳು. ಅವರ ಕ್ಲಬ್ಬಲ್ಲಿ ಕಲಿಸೋ ಹುಡುಗಿ ಒಬ್ಬಳು ಮೊಣಕೈ ಹರಿದ ಸೂಟ್ ಹಿಡ್ಕೊಂಡು ನಮ್ಮ ಅಂಗಡಿಗೆ ಬಂದಳು. ಈ ಊರಲ್ಲಿ ರಬ್ಬರ್ ಹೊಲಿಯೋಳು ನಾನೊಬ್ಬಳೇ ತಾನೆ. ನನ್ನ ಹೊಲಿಗೆ ತಿರುಗಿಸಿ ತಿರುಗಿಸಿ ನೋಡಿ, "ನೀವು ಎಷ್ಟು ಆಳ ಹೋಗಿದ್ದೀರಿ?" ಅಂದಳು. ನನಗೆ ಅರ್ಥ ಆಗಲಿಲ್ಲ. "ಮೊಣಕಾಲ ತನಕ" ಅಂದೆ. ಅವಳು ತಮಾಷೆ ಅಂದ್ಕೊಂಡು ನಕ್ಕಳು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದಳು. ಬುಧವಾರ ಹೆಂಗಸರ ತರಗತಿ ಇದೆ, ಬನ್ನಿ ಅಂದಳು. ಈಗ ಅಲ್ಲಿ ಯಾರಿಗೂ ಅಡ್ಡಿ ಇಲ್ಲ. ನಮ್ಮವರು ಹೋಗಲ್ಲ, ಅಷ್ಟೇ. ಡಿಸೆಂಬರಲ್ಲಿ ಸೇರಿದೆ.

ನಮ್ಮ ಕ್ಲಬ್ಬಲ್ಲೇ ಯಾಕೆ ಕೇಳಲಿಲ್ಲ ಅಂತೀಯ. ಕೇಳಿದ್ದೆ. ಕ್ಲಬ್ ಶುರುವಾದ ಎರಡನೇ ಬೇಸಿಗೆ. ನನ್ನ ಅಳತೆಗೇ ಒಂದು ಸೂಟ್ ಕತ್ತರಿಸಿಟ್ಟಿದ್ದೆ, ಹೊಲಿಯೋದೊಂದೇ ಬಾಕಿ. ದಡದಲ್ಲಿ ನೀವೆಲ್ಲ ಸಿದ್ಧ ಆಗ್ತಿದ್ರಿ. "ನಾನೂ ಒಂದ್ಸಲ ಇಳೀಲಾ?" ಅಂದೆ. ನಿಮ್ಮಣ್ಣ ಸಿಲಿಂಡರಿನ ಪಟ್ಟಿ ಬಿಗೀತಿದ್ರು, ಕೇಳಿಸ್ತೋ ಇಲ್ವೋ. ನೀನು ತಿರುಗಿ, "ಎಲ್ಲರೂ ಇಳಿದ್ರೆ ದಡದಲ್ಲಿ ಯಾರಿರ್ತಾರೆ ಅತ್ತಿಗೆ?" ಅಂದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ತುಂಡುಗಳು ಆಮೇಲೆ ಖಜಾಂಚಿಯ ಮೊಣಕಾಲಿಗೆ ತೇಪೆ ಆದವು. ನೀನು ಕೆಟ್ಟ ಮನಸ್ಸಲ್ಲಿ ಹೇಳಲಿಲ್ಲ ಕಣೋ. ಆ ಸೆಕ್ರೆಟರೀನೂ ನಗ್ತಾನೇ ಹೇಳಿದ್ದ.

ಕಲಿಯೋದು ಸುಲಭ ಅಂದ್ಕೋಬೇಡ. ಮೊದಲನೇ ವಾರ ಈಜುಕೊಳದ ತಳದಲ್ಲಿ ಎಲ್ಲರೂ ಕೂತಿದ್ವಿ. ಆ ಹುಡುಗಿ ಎಲ್ಲಾ ಸರಿ ಇದೆಯಾ ಅಂತ ಸನ್ನೆ ಮಾಡಿದಳು. ನಾನು ಖುಷಿಯಿಂದ ಹೆಬ್ಬೆರಳು ಎತ್ತಿ ತೋರಿಸಿದೆ. ಅವರ ಸನ್ನೇಲಿ ಹಾಗಂದ್ರೆ ಮೇಲೆ ಹೋಗೋಣ ಅಂತ! ಇಡೀ ತರಗತಿ ಗುಳುಗುಳು ಅಂತ ಎದ್ದು ಮೇಲೆ ಬಂತು. ಇಷ್ಟು ವರ್ಷ ನಿಮ್ಮ ಕೈಸನ್ನೆ ನೋಡಿದ್ರೂ ಅದೊಂದು ಗೊತ್ತಿರಲಿಲ್ಲ ನೋಡು. ದಡದಲ್ಲಿ ಕಾಣೋದೇ ಬೇರೆ.

ಮಾಸ್ಕಿಗೆ ನೀರು ತುಂಬಿಸ್ಕೊಂಡು ಊದಿ ಹೊರಗೆ ಹಾಕೋದು ಮಾತ್ರ ಇನ್ನೂ ಬಂದಿಲ್ಲ. ಮೂಗಿಗೆ ನೀರು ತಾಗಿದ ಕೂಡ್ಲೇ ಎದೆ ಹಾರುತ್ತೆ. ಎಲ್ಲಾ ಕಿತ್ತು ಬಿಸಾಕಿ ಮೇಲೆ ಬಂದುಬಿಡ್ತೀನಿ. ಮೂರು ಸಲ ಹಾಗಾಯ್ತು.

ನಿನ್ನ ಕಾಗದ ಬಂದ ಸಂಜೆ ನಿಮ್ಮಣ್ಣನಿಗೆ ನಾನೇ ಹೇಳಿದೆ. ಬೇರೆಯವರ ಬಾಯಿಂದ ಹೋಗೋದು ಬೇಡ ಅನ್ನಿಸ್ತು. ಊಟಕ್ಕೆ ಕೂತಿದ್ರು.

"ಅಲ್ಲೇ ಯಾಕೆ?" ಅಂದ್ರು.

"ಇಲ್ಲಿ ಯಾರು ಕಲಿಸ್ತಿದ್ರು?" ಅಂದೆ.

ಕೈ ತೊಳ್ಕೊಂಡು ಎದ್ದು ಹೋದ್ರು. ಆವತ್ತಿಂದ ಮಾತಿಲ್ಲ. ಊಟದ ಮಧ್ಯೆ ಉಪ್ಪು ಬೇಕಾದ್ರೂ ಕೇಳಲ್ಲ, ತಾವೇ ಎದ್ದು ಹೋಗಿ ತಗೊಳ್ತಾರೆ. ಅವರ ಸಿಟ್ಟು ಸುಳ್ಳು ಅಂತ ನಾನು ಹೇಳಲ್ಲ. ಆ ಗೇಟಿನಲ್ಲಿ ಅವರು ನಿಂತ ಹಾಗೆ ನಾನು ನಿಂತಿಲ್ಲ. ರಸ್ತೆ ಆಚೆ ನಿಂತಿದ್ದೆ. ಆದ್ರೆ ಬುಧವಾರ ಬಂದ್ರೆ ನನ್ನ ಕಾಲು ತಾನಾಗಿ ಆ ಕಡೆ ಹೋಗುತ್ತೆ.

ಪುಸ್ತಕದಲ್ಲಿ ಇದನ್ನೆಲ್ಲ ಬರೀ ಅಂತ ಅಲ್ಲ. ನಿನಗೆ ಹೇಳಿದೆ, ಅಷ್ಟೇ.

ಇಂತಿ ನಿನ್ನ ಅತ್ತಿಗೆ


ಜೂನ್ 27, 1999

ಪ್ರೀತಿಯ ಅತ್ತಿಗೆಗೆ,

ನಿಮ್ಮ ಕಾಗದ ಬಂದಾಗಿನಿಂದ ನಾಲ್ಕು ಉತ್ತರ ಬರೆದು ಹರಿದೆ. ಇದು ಐದನೆಯದು, ಇದನ್ನು ತಿದ್ದದೆ ಹಾಗೇ ಅಂಚೆಗೆ ಹಾಕ್ತೀನಿ.

ನಾನು ಆ ಮಾತು ಅಂದದ್ದು ನನಗೆ ನೆನಪೇ ಇಲ್ಲ. ಆದರೆ ನಿಮ್ಮ ಕಾಗದದಲ್ಲಿ ಓದಿದ ಕೂಡಲೇ ನನ್ನ ದನಿಯೇ ಕೇಳಿಸಿತು. ಅಷ್ಟು ಸಾಕು. ಖಜಾಂಚಿ ಮಾತು ಕೇಳಿ ಹಾಗೆ ಬರೆದದ್ದಕ್ಕೆ ಕ್ಷಮಿಸಿ.

ಎದೆ ಹಾರುತ್ತೆ ಅಂತ ಬರೆದಿದ್ದೀರಿ. ನನ್ನ ಕಿವಿ ಹೋದ ದಿನದ ಬಗ್ಗೆ ನಿಮಗೆ ಹೇಳಬೇಕು. ನೆಗಡಿ ಇತ್ತು, ಆದರೂ ಇಳಿದೆ. ಒಳಗೆ ಟಪ್ ಅಂತ ಒಡೀತು, ತಣ್ಣೀರು ನುಗ್ಗಿತು. ಅದರ ಹಿಂದೆಯೇ ಸಮುದ್ರ ಬುಗುರಿ ಹಾಗೆ ತಿರುಗಿತು. ಮೇಲೆ ಯಾವುದು, ಕೆಳಗೆ ಯಾವುದು ಒಂದೂ ತಿಳಿಯಲಿಲ್ಲ. ನಾನು ಕೈಕಾಲು ಬಡೀತಾ ಕೆಳಗೆ ಈಜ್ತಿದ್ದೆನಂತೆ. ಅಣ್ಣ ಕುತ್ತಿಗೆಪಟ್ಟಿ ಹಿಡಿದು ಎಳೆದು ತಂದರು. ದಡದಲ್ಲಿ ನೀವು ಕೇಳಿದಾಗ "ಕಿವಿ ಸ್ವಲ್ಪ ನೋವು" ಅಂದೆ. ಆಮೇಲೆ ನೀರು ಕಂಡರೆ ಬೆವರು ಬರ್ತಿತ್ತು. ಕೆಲಸದ ನಿಮಿತ್ತ ಈ ಊರಿಗೆ ಬಂದೆ ಅಂತ ಎಲ್ಲರಿಗೂ ಹೇಳಿದ್ದೇನೆ, ಪುಸ್ತಕದಲ್ಲೂ ಹಾಗೇ ಬರೆದಿದ್ದೇನೆ. ಕೆಲಸ ಆ ಊರಲ್ಲೂ ಇತ್ತು ಅತ್ತಿಗೆ. ಸಮುದ್ರ ಇಲ್ಲದ ಊರು ಹುಡುಕಿಕೊಂಡು ಬಂದೆ.

ಇದನ್ನು ಯಾರಿಗೂ ಹೇಳಿರಲಿಲ್ಲ. ನೀರೊಳಗೆ ಹೆದರಿದವರಿಗೆ ಮಾತ್ರ ಹೇಳಬಹುದಾದ ಮಾತು, ಅಂಥವರು ಯಾರೂ ಸಿಕ್ಕಿರಲಿಲ್ಲ.

ನನಗೆ ಗೊತ್ತಿರೋ ಒಂದೆರಡು ವಿಷಯ: ಮಾಸ್ಕಿಗೆ ನೀರು ಬಂದಾಗ ಕಣ್ಣು ಮುಚ್ಚಬೇಡಿ. ಮೊದಲು ಬಾಯಲ್ಲಿ ಎರಡು ಉಸಿರು ನಿಧಾನವಾಗಿ ತಗೊಳ್ಳಿ, ಮೂಗನ್ನು ಮರೆತುಬಿಡಿ. ದಾರಿ ತಪ್ಪಿದರೆ ನಿಮ್ಮ ಉಸಿರಿನ ಗುಳ್ಳೆ ಎತ್ತ ಹೋಗುತ್ತೆ ನೋಡಿ, ಅದೇ ಮೇಲೆ. ನನಗೆ ಆವತ್ತು ಅದು ಹೊಳೆಯಲಿಲ್ಲ.

ಪುಸ್ತಕವನ್ನು ಏನು ಮಾಡಬೇಕು ಅಂತ ತಿಳೀತಿಲ್ಲ. ದಡದ ಪ್ಯಾರಾ ತೆಗೆದುಹಾಕಲೇ?

ಇಂತಿ ನಿಮ್ಮ ಮೈದುನ


ಸೆಪ್ಟೆಂಬರ್ 5, 1999

ಮೈದುನನಿಗೆ ಪ್ರೀತಿಯ ಆಶೀರ್ವಾದಗಳು.

ಮೊದಲು ನಿನ್ನ ಪ್ರಶ್ನೆಗೆ ಉತ್ತರ. ಆ ಪ್ಯಾರಾ ತೆಗೀಬೇಡ. ಅದು ಸುಳ್ಳಲ್ಲ, ಅರ್ಧ. ಅದರ ಕೆಳಗೆ ಇನ್ನೊಂದು ಬರಿ. ಏನು ಬರೀಬೇಕು ಅಂತ ನಾನು ಹೇಳಿಕೊಡಲ್ಲ. ನಿನ್ನ ಕಿವಿಯ ವಿಷಯ ಬರೀತೀಯೋ ಬಿಡ್ತೀಯೋ ನಿನ್ನಿಷ್ಟ. ನನ್ನ ಹತ್ರ ಭದ್ರವಾಗಿರುತ್ತೆ. ಮೂಗು ಮರೆತುಬಿಡಿ ಅಂದ್ಯಲ್ಲ, ಅದೇ ನನ್ನನ್ನ ದಾಟಿಸ್ತು.

ಹೋದ ತಿಂಗಳು ಕ್ಲಬ್ಬಿನ ಸಭೆ ಇತ್ತು. ಟೀ ಕೊಟ್ಟಾದ ಮೇಲೆ ನಾನು ಫ್ಲಾಸ್ಕ್ ಕೆಳಗಿಟ್ಟು, ಅಲ್ಲೇ ನಿಂತು, ನಮ್ಮ ಹೆಂಗಸರಿಗೂ ಡೈವಿಂಗ್ ಕಲಿಸಬೇಕು, ಕಲಿಸೋಕೆ ದೊಡ್ಡ ಕ್ಲಬ್ಬಿನ ಹುಡುಗಿಯನ್ನ ಕರೀಬೇಕು ಅಂದೆ. ಒಬ್ಬರು, "ನಮ್ಮವರಲ್ಲದವರು ಇಲ್ಲಿಗೆ ಬಂದ್ರೆ ಇದು ನಮ್ಮ ಕ್ಲಬ್ ಹೇಗಾಗುತ್ತೆ?" ಅಂದ್ರು. ಕೆಟ್ಟ ಪ್ರಶ್ನೆ ಅಲ್ಲ ಅದು. "ನಮ್ಮವರಲ್ಲಿ ಅರ್ಧ ಜನ ಇನ್ನೂ ನೀರಿಗೇ ಇಳಿದಿಲ್ಲ, ಇದು ಹೇಗೆ ನಮ್ಮ ಕ್ಲಬ್ ಆಯ್ತು?" ಅಂದೆ. ಆಗ ಎದ್ದವರು ಯಾರು ಗೊತ್ತಾ? ನಿನಗೆ ಚೀಟಿ ಬರೆದ ಖಜಾಂಚಿ! "ನನ್ನ ಮಗಳಿಗೆ ಇವರ ವಿಷಯ ಗೊತ್ತಾಗಿ, ತಾನೂ ಕಲೀಬೇಕು ಅಂತ ಮನೇಲಿ ಊಟ ಬಿಟ್ಟು ಕೂತಿದ್ದಾಳೆ. ಅವಳದ್ದೊಂದು ಹೆಸರು ಬರ್ಕೊಂಡುಬಿಡಿ, ನನಗೆ ಮನೆಗೆ ಹೋಗೋಕಾಗುತ್ತೆ" ಅಂದ್ರು. ನಗು ಎದ್ದಿತು, ಕೈಗಳೂ ಎದ್ದವು. ಎಲ್ಲರದ್ದೂ ಅಲ್ಲ. ನಿಮ್ಮಣ್ಣ ಅಧ್ಯಕ್ಷರ ಕುರ್ಚೀಲಿ ಕೂತಿದ್ರು. ಕೈ ಎತ್ತಲೂ ಇಲ್ಲ, ಬೇಡ ಅನ್ನಲೂ ಇಲ್ಲ. ಕೈಗಳನ್ನ ಎಣಿಸಿ, "ಒಪ್ಪಿಗೆ ಆಯ್ತು" ಅಂದ್ರು.

ನಿನ್ನೆ ನಾನು ಸಮುದ್ರಕ್ಕೆ ಇಳಿದೆ.

ಬೆಳಗ್ಗೆ ಹೊರಡುವಾಗ ನಿಮ್ಮಣ್ಣನಿಗೆ ಹೇಳಿದೆ, ಇವತ್ತು ದೊಡ್ಡ ಕ್ಲಬ್ಬಿನ ದೋಣೀಲಿ ಹೋಗ್ತೀವಿ ಅಂತ. ನನ್ನ ಚೀಲ ಬಾಗಿಲ ಹತ್ರ ಇತ್ತು. ನಾನು ನನಗೇ ಅಂತ ಹೊಲ್ಕೊಂಡಿದ್ದ ಸೂಟನ್ನ ಅವರು ಹೊರಗೆ ತೆಗೆದು, ಒಂದೊಂದು ಹೊಲಿಗೆಯನ್ನೂ ಬೆರಳಲ್ಲಿ ಎಳೆದೆಳೆದು ನೋಡಿ, ಮಡಚಿ ಒಳಗಿಟ್ರು. ನನ್ನ ಹೊಲಿಗೆಯನ್ನ ಅವರು ಪರೀಕ್ಷೆ ಮಾಡಿದ್ದು ಇದೇ ಮೊದಲು. ಬೇರೆ ದಿನ ಆಗಿದ್ರೆ ಜಗಳ ಆಡ್ತಿದ್ದೆ.

ದೋಣಿ ಹೊರಟಾಗ ತಿರುಗಿ ನೋಡಿದ್ರೆ ಅಲೆ ತಡೆಯೋ ಗೋಡೆ ಮೇಲೆ ಒಬ್ಬರು ನಡ್ಕೊಂಡು ಬರ್ತಿದ್ದಾರೆ. ಅದು ಯಾರ ಕ್ಲಬ್ಬಿಗೂ ಸೇರದ ಗೋಡೆ, ಯಾರು ಬೇಕಾದ್ರೂ ನಡೀಬಹುದು. ನಡಿಗೆ ನೋಡಿಯೇ ಗೊತ್ತಾಯ್ತು. ಗೋಡೆ ಮುಗಿಯೋ ತನಕ ಬಂದು, ತುದೀಲಿ ನಿಂತ್ಕೊಂಡ್ರು.

ಕೆಳಗೆ ಏನಿತ್ತು ಅಂತ ಕೇಳ್ತೀಯ. ಎಲ್ಲರೂ ಬಣ್ಣಬಣ್ಣದ ಮೀನು ಅಂತಾರೆ. ನನಗೆ ಕಂಡದ್ದು ಹಸಿರು ಮಬ್ಬು, ಮರಳು, ತುಕ್ಕು ಹಿಡಿದ ಒಂದು ಸರಪಳಿ. ಸರಪಳಿ ಸಂದಿಯಿಂದ ಒಂದು ಏಡಿ ಹೊರಗೆ ಬಂದು, ಬಾಡಿಗೆ ಬಾಕಿ ಇಟ್ಟವನು ಮಾಲೀಕನನ್ನ ಕಂಡ ಹಾಗೆ ನನ್ನನ್ನ ನೋಡಿ ಒಳಗೆ ಹೋಯ್ತು. ನಗು ಬಂತು. ನಕ್ಕ ಕೂಡ್ಲೇ ಮಾಸ್ಕ್ ಸಡಿಲಾಗಿ ನೀರು ನುಗ್ಗಿತು. ಎದೆ ಹಾರಿತು. ಆ ಹುಡುಗಿ ನನ್ನ ಕೈ ಹಿಡಿದಿದ್ದಳು, ಎಳೀಲಿಲ್ಲ, ಸುಮ್ನೆ ಹಿಡಿದಿದ್ದಳು. ಎರಡು ಉಸಿರು ತಗೊಂಡೆ. ಊದಿದೆ. ನೀರು ಹೋಯ್ತು, ಮರಳು ಮತ್ತೆ ಕಾಣಿಸ್ತು. ಮೇಲೆ ಹೋಗೋಣವಾ ಅಂತ ಹೆಬ್ಬೆರಳು ಎತ್ತಿ ಕೇಳಿದಳು. ಬೇಡ ಅಂತ ತಲೆ ಆಡಿಸಿದೆ.

ವಾಪಸ್ ಬಂದು, ಬಟ್ಟೆ ಬದಲಾಯಿಸಿ ಹೊರಗೆ ಬಂದ್ರೆ ನಿಮ್ಮಣ್ಣ ರಸ್ತೆ ಆಚೆ ನಿಂತಿದ್ರು. ಗೇಟಿನ ಹತ್ರಕ್ಕೆ ಬರಲಿಲ್ಲ. ಬರಲಿ ಅಂತ ನನಗೂ ಅನ್ನಿಸಲಿಲ್ಲ. ನಾನೇ ದಾಟಿ ಹೋದೆ. ಇಬ್ಬರೂ ನಡೆಯೋಕೆ ಶುರು ಮಾಡಿದ್ವಿ. ಮೀನು ಮಾರ್ಕೆಟ್ ದಾಟಿದ ಮೇಲೆ ಅವರೇ ಬಾಯಿ ಬಿಟ್ರು.

"ಹೆದರಿಕೆ ಆಯ್ತಾ?"

"ಆಯ್ತು" ಅಂದೆ.

ಇನ್ನೂ ಸ್ವಲ್ಪ ದೂರ ನಡೆದ್ವಿ.

"ನನಗೂ ಆಗ್ತಿತ್ತು" ಅಂದ್ರು.

"ಯಾವಾಗ?"

"ಪ್ರತಿ ಸಲ."

ನಾನು ನಡುರಸ್ತೇಲಿ ನಿಂತೇಬಿಟ್ಟೆ. ಇಷ್ಟು ವರ್ಷ ಟವೆಲ್ ಕೊಟ್ಟವಳು ನಾನು, ಒದ್ದೆ ಕೂದಲು ಒರೆಸಿದವಳು ನಾನು. "ಒಂದು ದಿನ ಆದ್ರೂ ಹೇಳಲಿಲ್ವಲ್ಲ?" ಅಂದೆ.

"ದಡದಲ್ಲಿ ನಿಂತವರಿಗೆ ಹೇಗೆ ಹೇಳೋದು?" ಅಂದ್ರು.

ಆಮೇಲೆ ನನ್ನ ಕೈಯಿಂದ ಒದ್ದೆ ಚೀಲ ತಗೊಂಡು ತಮ್ಮ ಹೆಗಲಿಗೆ ಹಾಕ್ಕೊಂಡ್ರು. ಮನೆ ತನಕ ಮಾತಾಡ್ತಾನೇ ಬಂದ್ರು ಕಣೋ.

ಇಂತಿ ನಿನ್ನ ಅತ್ತಿಗೆ